ಮೊದಲ ಬೀಪ್

ಅಂಗಡಿಯಲ್ಲಿ ಕೈಚುರುಕನ್ನು ಅಳೆಯುವ ಹೊಸ ಪದ್ಧತಿ ಬಂದಾಗ ಎಲ್ಲರಿಗಿಂತ ಮೊದಲು ಕಂಗಾಲಾದವಳು ತಂಗಿ. ತನಗಾಗಿ ಅಲ್ಲ. ಬಿಲ್ಲು ಹಾಕಲು ಸ್ಕ್ಯಾನರಿನ ಕೆಂಪು ಬೆಳಕಿನ ಮೇಲೆ ಸಾಮಾನು ದಾಟಿಸುವಾಗ ಅವಳ ಕೈ ಕಣ್ಣಿಗೇ ಸಿಗುತ್ತಿರಲಿಲ್ಲ. ಚಿಂತೆಯೆಲ್ಲ ಪಕ್ಕದ ಕೌಂಟರಿನಲ್ಲಿ ಕೂರುವ ಅಕ್ಕನ ಬಗ್ಗೆ. ಭಾವ ತೀರಿಕೊಂಡ ಮೇಲೆ ಅಕ್ಕನ ಕೈ ನಡುನಡುವೆ ನಿಂತುಬಿಡುತ್ತಿತ್ತು. ಅವನು ಹಚ್ಚಿಕೊಳ್ಳುತ್ತಿದ್ದ ಶೇವಿಂಗ್ ಸೋಪನ್ನು ಯಾರಾದರೂ ತಂದಿಟ್ಟರಂತೂ ಮುಗಿದೇ ಹೋಯಿತು.

ಮಹಡಿಯ ಮೇಲೆ ಕೂರುವ ಮ್ಯಾನೇಜರಿಗೆ ಹುಡುಗಿಯರು ಇಟ್ಟ ಹೆಸರು ಟಿಕ್‌ಟಿಕ್ ಸಾಹೇಬ. ಮೊದಲ ಸಾಮಾನು ಬೀಪ್ ಅಂದಲ್ಲಿಂದ ಬಿಲ್ಲು ಹರಿಯುವವರೆಗೆ ಗಡಿಯಾರ ಓಡುತ್ತದೆ, ಆ ಹೊತ್ತು ಅವರವರು ಮಷೀನಿನಲ್ಲಿ ಒತ್ತಿದ ನಂಬರಿನ ಲೆಕ್ಕಕ್ಕೆ ಸೇರುತ್ತದೆ, ತಿಂಗಳ ಕೊನೆಗೆ ಹಿಂದೆ ಬಿದ್ದವರು ಮನೆಗೆ. ಇದನ್ನು ಸಾಹೇಬರು ಹೇಳಿದ್ದು ಬಹಳ ಮೃದುವಾಗಿ, ಊಟಕ್ಕೆ ಕರೆಯುವವರ ಹಾಗೆ.

"ನಾಳೆಯಿಂದ ನಿನ್ನ ನಂಬರು ಒತ್ತಿ ನಾನು ಕೂರ್ತೀನಿ, ನನ್ನದು ಒತ್ತಿ ನೀನು," ಅಂದಳು ತಂಗಿ. "ಮಷೀನಿಗೇನು ಮುಖ ಗೊತ್ತಾಗುತ್ತಾ?"

"ನಿನ್ನ ಗತಿ ಏನೇ?"

"ನನ್ನನ್ನ ತೆಗೀತಾರಾ? ನಾನಿಲ್ಲದಿದ್ರೆ ಕ್ಯೂ ಬಾಗಿಲು ದಾಟಿ ರಸ್ತೆಗೆ ಹೋಗುತ್ತೆ. ಒಂದಿಷ್ಟು ಬೈಗುಳ, ಅಷ್ಟೇ. ನಿನ್ನ ಕೆಲಸ ಹೋದ್ರೆ ಮಗಳನ್ನ ಯಾರು ಸಾಕ್ತಾರೆ, ಟಿಕ್‌ಟಿಕ್ ಸಾಹೇಬನಾ?"

ತಂಗಿಯ ಕೈ ಎಂಥದೆಂದು ಕ್ಯೂನಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಮಹಡಿಗೆ ಹೋಗುತ್ತಿದ್ದದ್ದು ನಂಬರು ಮಾತ್ರ. ಇಷ್ಟು ಸಣ್ಣ ವಿಷಯ ಇಬ್ಬರಿಗೂ ಹೊಳೆಯಲಿಲ್ಲ.

ತಿಂಗಳ ಕೊನೆಗೆ ಸಾಹೇಬರು ಎಲ್ಲರನ್ನೂ ಗೋಡೌನಿನಲ್ಲಿ ನಿಲ್ಲಿಸಿ ಅಕ್ಕನಿಗೆ ಬ್ಯಾಡ್ಜ್ ಚುಚ್ಚಿದರು. "ದುಃಖ ನುಂಗಿಕೊಂಡು ಮೊದಲನೇ ಸ್ಥಾನಕ್ಕೆ ಬಂದಿದ್ದಾರೆ. ಚಪ್ಪಾಳೆ!" ಆಮೇಲೆ ತಂಗಿಯ ಕಡೆ ತಿರುಗಿದರು. "ಒಡಹುಟ್ಟಿದವಳನ್ನ ನೋಡಿಯಾದ್ರೂ ಕಲೀಬೇಕಿತ್ತಮ್ಮ. ಇವತ್ತೇ ಕೊನೆ."

ಅಕ್ಕ ಬಾಯಿ ತೆರೆದಳು. ತಂಗಿ ಅವಳ ಕಾಲು ತುಳಿದಳು, ಜೋರಾಗಿಯೇ.

"ಬಾಯಿಬಿಟ್ರೆ ಇಬ್ಬರೂ ಮನೆಗೆ. ಸುಮ್ಮನಿರು," ಎಂದು ಪಿಸುಗುಟ್ಟಿ, ತಾನೂ ಚಪ್ಪಾಳೆ ತಟ್ಟಿದಳು.

ಅವಳಿಗೆ ಕೆಲಸ ಸಿಕ್ಕಿದ್ದು ದೂರದ ಊರಿನಲ್ಲಿ. ಹೊರಡುವ ಸಂಜೆ ಹೆಗಲಿಗೆ ಚೀಲ ಹಾಕಿಕೊಂಡು, ಬಸ್ಸಿಗೆಂದು ಒಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಅಕ್ಕನ ಕ್ಯೂನಲ್ಲಿ ನಿಂತಳು.

"ಇನ್ನು ನಿನ್ನ ನಂಬರಿಗೆ ನಿನ್ನದೇ ಕೈ ಕಣೇ," ಅಂದಳು, ಸರದಿ ಬಂದಾಗ. "ಆ ಸೋಪು ಬಂದ್ರೆ ಅದರ ಮುಖ ನೋಡಬೇಡ. ಬೀಪ್ ಅನ್ನಿಸಿ ಆಚೆ ತಳ್ಳು."

ಅಕ್ಕ ತಲೆಯಾಡಿಸಿದಳು. ಪೊಟ್ಟಣ ಎತ್ತಿಕೊಂಡವಳು ಕೆಂಪು ಬೆಳಕಿನಿಂದ ಗೇಣು ದೂರದಲ್ಲೇ ಅದನ್ನು ಹಿಡಿದು ಕೂತಳು.

"ಏನಮ್ಮ, ಬೇಗ ಆಗಲಿ," ಅಂದರು ಹಿಂದಿದ್ದವರು.

ಬೀಪ್ ಅನ್ನುವವರೆಗೆ ಗಡಿಯಾರ ಓಡುವುದಿಲ್ಲ. ತಂಗಿಯೂ ಹೊರಡುವಂತಿಲ್ಲ. ಅಕ್ಕನ ಕೈ ಅಲ್ಲಾಡಲಿಲ್ಲ.

"ಬಸ್ಸಿಗೆ ಹೊತ್ತಾಯ್ತು ಅಕ್ಕಾ."

ಕೊನೆಗೆ ತಂಗಿಯೇ ಕೈ ಚಾಚಿ, ಅಕ್ಕನ ಮಣಿಕಟ್ಟನ್ನು ಹಿಡಿದು ಮೆಲ್ಲನೆ ಬೆಳಕಿನ ಮೇಲಕ್ಕೆ ತಂದಳು.