ಗೋಡೆ ಬದಿಯ ಹುಳುಗಳು

ಕೆಂಚಾರ್ಲಹಳ್ಳಿಯ ಶ್ಯಾಮಲಮ್ಮನಿಗೆ ರೇಷ್ಮೆಹುಳು ಎಂದರೆ ಹೆತ್ತ ಮಗಳಿಗಿಂತ ಒಂದು ಕೈ ಮೇಲು. ಹುಳದ ಮನೆಯಲ್ಲಿ ಊದುಬತ್ತಿ ಹಚ್ಚುವ ಹಾಗಿಲ್ಲ. ತಲೆಗೆ ಘಮಘಮಿಸುವ ಎಣ್ಣೆ ಹಾಕಿಕೊಂಡವರು ಹೊರಗೇ ನಿಂತು ಮಾತಾಡಬೇಕು, ಬೀಗರಾದರೂ ಅಷ್ಟೇ. ಹುಳಕ್ಕೆ ಘಾಟು ಆಗುವುದಿಲ್ಲ ಎಂಬುದು ಈ ಕಡೆ ಎಲ್ಲರಿಗೂ ಗೊತ್ತು.

ಒಂದು ಮಧ್ಯಾಹ್ನ ಒಳಗೆ ಹೋದ ಆಕೆ ಬಾಗಿಲಲ್ಲೇ ನಿಂತು ಕಿವಿಗೊಟ್ಟಳು. ಸೊಪ್ಪು ತಿನ್ನುವ ಚರಚರ ಸದ್ದು ಒಂದೇ ಬದಿಯಿಂದ ಬರುತ್ತಿತ್ತು. ಮಗಳೂ ಕೂಸೂ ಇದ್ದ ಬಾಣಂತಿ ಕೋಣೆಯ ಗೋಡೆ ಪಕ್ಕದ ತಟ್ಟೆಗಳಲ್ಲಿ ಸದ್ದೇ ಇಲ್ಲ. ಅಲ್ಲಿದ್ದ ಹುಳುಗಳೆಲ್ಲ ತಲೆ ಎತ್ತಿ, ನಿಧಾನವಾಗಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. ಕೆಲವುಗಳ ಬಾಯಿಂದ ಹಸಿರು ನೀರು ಇಳಿಯುತ್ತಿತ್ತು.

ಗಾಬರಿಯಾಗಿ ಪಕ್ಕದ ಮನೆ ಆವುಲಪ್ಪನ ಮಗಳು ತನುಜಳನ್ನು ಕರೆದಳು. ತನುಜಳಿಗೆ ಚಿಂತಾಮಣಿಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ಗಿಡಮೂಲಿಕೆಗಳ ಆವಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂದು ಅವರು ಪರೀಕ್ಷೆ ಮಾಡುತ್ತಾರೆ.

"ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಕಣಮ್ಮ," ಎಂದಳು ಶ್ಯಾಮಲಮ್ಮ.

ತನುಜ ಉಸಿರೆಳೆದು ನೋಡಿದಳು. "ದೊಡ್ಡಮ್ಮ, ನೀಲಗಿರಿ ವಾಸನೆ ಬರ್ತಾ ಇದೆಯಲ್ಲ." ಗೋಡೆಗೂ ಚಾವಣಿಯ ಶೀಟಿಗೂ ನಡುವೆ ಸಂದು ಇತ್ತು. "ಆ ಕಡೆ ಏನಿಟ್ಟಿದ್ದೀರಿ?"

"ಮಗೂಗೆ ನೆಗಡಿ. ಬಿಸಿನೀರಿಗೆ ನೀಲಗಿರಿ ಎಣ್ಣೆ, ಕರ್ಪೂರ ಹಾಕಿ ತೊಟ್ಟಿಲ ಕೆಳಗೆ ಇಟ್ಟಿದ್ದೀನಿ. ಅದರ ಆವಿಗೆ ಕ್ರಿಮಿ ಸಾಯ್ತವೆ ಅಂತ ನೀನೇ ಹೇಳಿದ್ದೆಯಲ್ಲ."

ತನುಜ ಆ ಕಡೆಯ ಕೋಣೆಗೆ ಓಡಿದಳು.

ಬಾಣಂತಿ ಕೋಣೆಯ ಕಿಟಕಿಗೆಲ್ಲ ಬಟ್ಟೆ ತುರುಕಿತ್ತು. ಒಳಗೆ ಕಣ್ಣು ಉರಿಯುವಷ್ಟು ಘಾಟು. ಶ್ಯಾಮಲಮ್ಮನ ಮಗಳು ಭಾನುಪ್ರಿಯಾ ತುಟಿಯ ಮೇಲೆ ಬೆರಳಿಟ್ಟು ನಕ್ಕಳು.

"ಮೆಲ್ಲಗೆ ಅಕ್ಕ. ಬೆಳಿಗ್ಗೆಯಿಂದ ಅಳ್ತಾನೇ ಇತ್ತು. ಈಗ ಎಷ್ಟು ಚೆನ್ನಾಗಿ ನಿದ್ದೆ ಹತ್ತಿದೆ ನೋಡು. ಹಾಲಿಗೂ ಏಳ್ಲಿಲ್ಲ."

ತನುಜ ಕೂಸಿನ ಅಂಗಾಲು ತಟ್ಟಿದಳು. ಅದು ಕಾಲು ಎಳೆದುಕೊಳ್ಳಲಿಲ್ಲ. ಎತ್ತಿಕೊಂಡರೆ ಕೈಗಳು ಜೋತುಬಿದ್ದವು. ಅವಳು ಮಗುವನ್ನು ಅಂಗಳಕ್ಕೆ ತಂದು ಆಂಬುಲೆನ್ಸಿಗಾಗಿ ೧೦೮ಕ್ಕೆ ಫೋನು ಮಾಡಿದಳು.

"ಗಿಡದ್ದು ತಾನೇ? ಗಿಡದ್ದು ಏನು ಮಾಡುತ್ತೆ?" ಹಿಂದೆಯೇ ಓಡಿಬಂದ ಶ್ಯಾಮಲಮ್ಮ ಕೇಳಿದಳು.

"ತೊಟ್ಟಿಲ ಕೆಳಗಿನ ಆ ಪಾತ್ರೇನ ಹುಳದ ಮನೇಲಿ ಇಡ್ತಿದ್ರಾ ದೊಡ್ಡಮ್ಮ?"

"ಹುಚ್ಚಾ ನಿಂಗೆ? ಹುಳ ಉಳಿಯುತ್ತಾ?"

ಹೇಳಿಬಿಟ್ಟ ಮೇಲೆ ಶ್ಯಾಮಲಮ್ಮ ಮಗುವಿನ ಮುಖ ನೋಡಿದಳು. "ಅಯ್ಯೋ ದೇವುಡಾ," ಎಂದು ಒಳಗೋಡಿ ಆ ಪಾತ್ರೆ ಎತ್ತಿ ತಂದು ಹೊರಗೆ ಚೆಲ್ಲಿದಳು.

ಮಗು ಉಳಿಯಿತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ನೋಡಿಕೊಂಡರು. ಸಂಜೆ ಅದು ಅತ್ತಾಗ ಭಾನುಪ್ರಿಯಾಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪುಟ್ಟ ಮಕ್ಕಳಿಗೆ ಕರ್ಪೂರ, ನೀಲಗಿರಿ ಎಣ್ಣೆ ಆಗುವುದೇ ಇಲ್ಲ, ಉಸಿರೇ ಕಟ್ಟಬಹುದು ಎಂದರು ಡಾಕ್ಟರು.

"ಮತ್ತೆ ಲ್ಯಾಬಲ್ಲಿ ನೀವು ನೋಡಿದ್ದು ಸುಳ್ಳಾ?" ಎಂದು ಕೇಳಿದಳು ಶ್ಯಾಮಲಮ್ಮ.

"ನಿಜಾನೇ. ಮುಚ್ಚಿದ ಗಾಜಿನ ತಟ್ಟೇಲಿ ಬ್ಯಾಕ್ಟೀರಿಯಾ ಸತ್ತವು, ಅಷ್ಟೇ ನಾವು ನೋಡಿದ್ದು. ಆ ಆವೀನ ಮನುಷ್ಯರ ಎದೆ ತಡೆಯುತ್ತಾ, ಎಷ್ಟಾದ್ರೆ ಅಪಾಯ, ಯಾವ ವಯಸ್ಸಿಗೆ ಆಗಲ್ಲ, ಅದೆಲ್ಲ ಬೇರೆ ಪರೀಕ್ಷೆ. ಅದು ಮುಗಿಯೋ ತನಕ ನಾವು ಅದನ್ನ ಔಷಧಿ ಅನ್ನಲ್ಲ. ಅವತ್ತೇ ಇದನ್ನೂ ಹೇಳ್ಬೇಕಿತ್ತು."

ಗೋಡೆ ಬದಿಯ ಹುಳು ಒಂದೂ ಉಳಿಯಲಿಲ್ಲ. ಅವನ್ನು ಗುಂಡಿಗೆ ಸುರಿಯುವಾಗ ಶ್ಯಾಮಲಮ್ಮ ಬಿಕ್ಕಿ ಬಿಕ್ಕಿ ಅತ್ತಳು. "ಇವು ತಲೆ ಎತ್ತದೇ ಇದ್ದಿದ್ರೆ, ನಾನು ಸಾಯಂಕಾಲದ ತನಕ ತೊಟ್ಟಿಲ ಹತ್ರ ಹೋಗ್ತಾನೇ ಇರ್ಲಿಲ್ಲ ಕಣಮ್ಮ."

ತಾಯಂದಿರೇ, ಅಜ್ಜಿಯರೇ, ಗಿಡದಿಂದ ಬಂದದ್ದೆಲ್ಲ ಒಳ್ಳೆಯದೇ ಎಂದು ನಂಬಿ ಕೂರಬೇಡಿ. ಮಕ್ಕಳಿರುವ ಕೋಣೆಯಲ್ಲಿ ಹೊಗೆ, ಎಣ್ಣೆಯ ಹಬೆ, ಕರ್ಪೂರ ಬೇಡ. ಕಿಟಕಿ ತೆರೆಯಿರಿ. ನೆಗಡಿಯಾದರೆ ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳಿ. ಮಗು ಹಾಲಿಗೂ ಏಳದೆ ಮಂಕಾಗಿ ಮಲಗಿದ್ದರೆ ನಿದ್ದೆ ಎಂದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಕ್ರಿಮಿ ಸಾಯುತ್ತದೆ ಎಂದು ಯಾರಾದರೂ ಹೇಳಿದರೆ, ಅದನ್ನು ಉಸಿರಾಡುವವರಿಗೆ ಏನಾಗುತ್ತದೆ ಎಂದು ಕೇಳಿ. ಉತ್ತರ ಗೊತ್ತಿಲ್ಲ ಎಂದರೆ ಆ ಪರೀಕ್ಷೆ ಲ್ಯಾಬಿನಲ್ಲೇ ನಡೆಯಲಿ, ನಿಮ್ಮ ಮಗುವಿನ ಎದೆಯಲ್ಲಿ ಬೇಡ.