ತೊಳೆಯದ ಸ್ಪ್ರೇಯರು

ನಲ್ಲಿಯ ಕೆಳಗೆ ಬಿದ್ದಿದ್ದ ಕೆಂಪು ಟೇಪಿನ ತುಂಡು ಕಂಡದ್ದೇ ತಡ, ಬಾಡಿಗೆ ಯಂತ್ರ ಕೇಂದ್ರ ನೋಡಿಕೊಳ್ಳುವವಳು ಫೋನಿಗೆ ಕೈ ಹಾಕಿದಳು.

ಕೆಂಪು ಟೇಪು ಸುತ್ತಿದ ಸ್ಪ್ರೇಯರು ಕಳೆ ಔಷಧಿಗೆ ಮಾತ್ರ. ಹಸಿರು ಕಂಡದ್ದನ್ನೆಲ್ಲ ಸುಡುವ ಔಷಧಿ ಅದು. ನಿನ್ನೆ ಕೇಂದ್ರದ ಅಂಗಳದ ಹುಲ್ಲಿಗೆ ಹೊಡೆದು, ತೊಳೆಯೋಣವೆಂದು ನಲ್ಲಿಯಡಿ ಇಟ್ಟಿದ್ದಳು. ಅಷ್ಟರಲ್ಲಿ ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನು ಬಂತು. ಟೇಪು ನೆನೆದು ಕಳಚಿಕೊಂಡಿತ್ತು. ಇವತ್ತು ಬೆಳಿಗ್ಗೆ ನಿದ್ದೆಗಣ್ಣಲ್ಲಿ ಅದನ್ನೇ ಎತ್ತಿ ಅಕ್ಕನ ಗಂಡನ ಕೈಗೆ ಕೊಟ್ಟವಳೂ ಇವಳೇ. ಅವನ ಭತ್ತ ತೆನೆ ಕಟ್ಟುತ್ತಿತ್ತು, ಹುಳ ಬಿದ್ದಿತ್ತು.

ಭಾವನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಬದುವಿನ ಮೇಲೆ ಕಳಚಿಟ್ಟ ಅಂಗಿಯ ಜೇಬಲ್ಲಿ ಹೊಡೆದುಕೊಳ್ಳುತ್ತಿರಬೇಕು.

ಸ್ಕೂಟರು ಹತ್ತಿದಳು. ಕೇಂದ್ರ ಗೀಂದ್ರ ನಂಬದ ಭಾವ, ಈ ವರ್ಷವಷ್ಟೇ ಇವಳ ಮಾತಿಗೆ ಕಟ್ಟುಬಿದ್ದು ಕೇಂದ್ರದ ಬೀಜಕ್ಕೆ, ಕೇಂದ್ರದ ನಾಟಿ ಯಂತ್ರಕ್ಕೆ ಒಪ್ಪಿದ್ದ. ಪೈರು ಹಿಂದೆಂದೂ ಹಾಗೆ ಬಂದಿರಲಿಲ್ಲ. ಅಕ್ಕಪಕ್ಕದವರು ಬದುವಲ್ಲಿ ನಿಂತು ನೋಡಿ, "ನಮಗೂ ಕೊಡಿಸು" ಅಂದಿದ್ದರು. ಅದು ಸುಟ್ಟರೆ ಅಕ್ಕನ ಮನೆಯ ಕಣಜ ಖಾಲಿ. ಕೇಂದ್ರದ ಬಾಗಿಲಿಗೆ ಇನ್ನು ಕಾಗೆಯೂ ಬರದು.

ಭಾವ ಗದ್ದೆಗೆ ಇಳಿದಾಗಿತ್ತು.

"ಭಾವ, ನಿಲ್ಸಿ. ಹೊಡೀಬೇಡಿ."

"ಏನಮ್ಮ, ಬಾಡಿಗೆ ಕೇಳೋಕೆ ಗದ್ದೆಗೇ ಬಂದ್ಬಿಟ್ಯಾ?"

"ಅದ್ರಲ್ಲಿ ಕಳೆ ಔಷಧಿ ಉಳಿದಿತ್ತು. ತೊಳೀದೆ ಕೊಟ್ಬಿಟ್ಟೆ. ತಪ್ಪು ನಂದೇ."

ನಗು ಅವನ ಮುಖದಲ್ಲೇ ಒಣಗಿತು. ಮೆಲ್ಲಗೆ ಹಿಂದೆ ತಿರುಗಿದ. ಆಗಲೇ ಔಷಧಿ ಹೊಡೆದಿದ್ದ ಎರಡು ಪಟ್ಟೆಯ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು, ಏನೂ ಅರಿಯದವರ ಹಾಗೆ.

"ಒಣಗೋಕೆ ಮುಂಚೆ ನೀರು ಎರಚೋಣ," ಎಂದವಳೇ ಬಕೆಟ್ಟು ಹಿಡಿದು ಕಾಲುವೆಗಿಳಿದಳು. ಅವನೂ ಬಂದ. ಇಬ್ಬರೂ ಎರಚಿದರು, ರೆಟ್ಟೆ ಬಿದ್ದುಹೋಗುವ ತನಕ.

"ಉಳಿಯುತ್ತಾ?"

"ಗೊತ್ತಿಲ್ಲ ಭಾವ. ಈ ಎರಡು ಪಟ್ಟೆ ಹೋದ್ರೂ ಹೋಯ್ತು. ಮಿಕ್ಕಿದ್ದು ಉಳೀತು."

"ಮಿಕ್ಕಿದ್ದನ್ನ ತಿನ್ನೋಕೆ ಹುಳ ಕೂತಿದೆಯಲ್ಲ. ಅದಕ್ಕೇನು ನಿನ್ನ ಸಂಕಟ ಗೊತ್ತಾ?"

ಬೇರೆ ಸ್ಪ್ರೇಯರು ತರುತ್ತೇನೆಂದಳು. ಅವನು ಬಕೆಟ್ಟನ್ನು ಬದುವಿನ ಮೇಲೆ ಬೋರಲಿಟ್ಟ. ಬೇಡ ಅನ್ನುತ್ತಾನೆಂದೇ ಇವಳು ಅಂದುಕೊಂಡಳು.

"ತಾ. ನನ್ನ ಕಣ್ಣೆದುರಿಗೇ ತೊಳಿ."

ತಂದಳು, ತೊಳೆದಳು, ಮತ್ತೆ ತೊಳೆದಳು. ಅವನು ಮೂಗಿಟ್ಟು ಮೂಸಿದ. ಆಮೇಲೆ ಬೆನ್ನು ತಿರುಗಿಸಿ ನಿಂತ. ಇವಳು ಸ್ಪ್ರೇಯರನ್ನು ಅವನ ಬೆನ್ನಿಗೇರಿಸಿ ಬೆಲ್ಟು ಬಿಗಿದಳು.

"ಪಟ್ಟೆ ಸುಟ್ರೆ ನಿಮ್ಮಕ್ಕಂಗೆ ನೀನೇ ಹೇಳ್ಬೇಕಮ್ಮ," ಎಂದ. "ನಂಗೆ ಅಷ್ಟು ಧೈರ್ಯ ಇಲ್ಲ."