ಕೋಳಿಗೂಡಿನ ತಳ

ಕೆಂಪವ್ವನ ಮೈಮೇಲೆ ಸುರಿದ ನೀರು ಅಂಗಳದ ಇಳಿಜಾರು ಹಿಡಿದು ಸೀದಾ ಕೋಳಿಗೂಡಿನೊಳಗೆ ನುಗ್ಗುತ್ತಿತ್ತು. ಅವಳ ಕೊನೆಯ ಸ್ನಾನ. ಹೆಂಗಸರು ಸೀರೆಯ ಮರೆ ಹಿಡಿದು ಅಳುತ್ತಿದ್ದರು. ನೀರನ್ನು ನೋಡಿದವನು ಗಂಡ ಭರಮು ಒಬ್ಬನೇ. ಗೂಡಿನ ಬಾಗಿಲಿಗೆ ಕಾಲು ಅಡ್ಡ ಇಟ್ಟ, ನೀರು ನಿಲ್ಲಲಿಲ್ಲ. ಒಳಗೆ ಮಣ್ಣಿನ ತಳ ಕುಸಿದು, ಹಿಂದಿನ ಗೋಡೆಯಡಿ ಮುಂಗುಸಿ ನುಸುಳುವಷ್ಟು ಕಂಡಿ ಬಿತ್ತು.

ಹೂಳಿ ಬರುವಷ್ಟರಲ್ಲಿ ಹೊತ್ತು ವಾಲಿತ್ತು. ಬಂದ ನೆಂಟರು ಸತ್ತ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಬೇವಿನ ಎಲೆ ಬಾಯಿಗೆ ಹಾಕಿಕೊಂಡು, ರಾಯಬಾಗದ ಬಸ್ಸು ತಪ್ಪೀತೆಂದು ಎದ್ದರು. ಜ್ವರದವಳನ್ನು ಕಾಯುತ್ತ ನಿದ್ದೆಗೆಟ್ಟ ಭರಮುವಿನ ಕಾಲಲ್ಲಿ ಕಸುವೇ ಇರಲಿಲ್ಲ. ಆದರೆ ಕೋಳಿಗಳು ಆಗಲೇ ಗೂಡಿನ ಸುತ್ತ ಸುಳಿಯುತ್ತಿದ್ದವು. ಕುಣಿ ತೋಡಿದ ಸಲಿಕೆ, ಗುದ್ದಲಿಗಳನ್ನು ಅಂದು ಮನೆಗೆ ತರುವಂತಿಲ್ಲ. ಅವನು ಬರಿಗೈಯಲ್ಲೇ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

ತಂಗಿ ಭೀಮಾಬಾಯಿಗೆ ಇದು ಸರಿ ಕಾಣಲಿಲ್ಲ. ಮಣ್ಣು ಮಾಡಿ ಬಂದ ಕೈಯಿಂದ ಗೂಡು ಮೆತ್ತಿದರೆ ಮಂದಿ ಏನಂದಾರು, ಇವತ್ತೊಂದು ದಿನ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದರಾಯಿತು ಎಂದಳು. "ನಾಳೆ ಮಾಡೀಯಂತ ಏಳೋ ಅಣ್ಣಾ."

"ನಾಳೆ ಅಂದದ್ದ ಸಾಕಾತು, ಭೀಮಾ."

*

ಪ್ರತಿ ವರ್ಷ ದೀಪಾವಳಿ ಮುಗಿಯುತ್ತಲೇ ಭರಮು ಕುರಿ ಹೊಡೆದುಕೊಂಡು ಅಥಣಿ ಕಡೆಯ ಹೊಲಗಳಿಗೆ ಹೋದರೆ, ತಿರುಗಿ ತನ್ನೂರು ಅಲಖನೂರು ಕಾಣುವುದು ಮಳೆಗಾಲದ ಬಾಯಿಗೆ. ಹೊರಡುವ ದಿನ ರೊಟ್ಟಿಯ ಗಂಟು ಕೈಗಿಡುತ್ತ ಕೆಂಪವ್ವ ಅನ್ನುತ್ತಿದ್ದಳು: "ಗೂಡಿನ ತಳಾ ಹೋಗೇತ್ರಿ. ಒಂದೀಟ ಕಲ್ಲ ಹಾಕಿ ಹೋಗ್ರಿ."

ಬಂದ ಮೇಲೆ ನೋಡೋಣ ಎಂದು ಇವನು ದಾರಿ ಹಿಡಿಯುತ್ತಿದ್ದ. ಬಂದು ನೋಡಿದರೆ ಗೂಡು ಗಟ್ಟಿಯಾಗಿಯೇ ಇರುತ್ತಿತ್ತು, ಕೋಳಿಗಳು ಮರಿ ಕಟ್ಟಿಕೊಂಡು ಓಡಾಡುತ್ತಿದ್ದವು. ಈ ಹೆಂಗಸಿಗೆ ಸುಮ್ಮನೆ ಹೇಳುವ ಚಟ ಎಂದುಕೊಂಡು ಮಹಾರಾಯ ಕಾಲು ಚಾಚಿ ಮಲಗುತ್ತಿದ್ದ. ಕುರಿಯವರ ನಡುವೆ ಕೂತು ಅದನ್ನೇ ಹೇಳಿ ನಕ್ಕದ್ದೂ ಉಂಟು. ಅವಳು ಮಾತ್ರ ಒಂದೇ ವರ್ಷದಲ್ಲಿ ಎರಡನೆಯ ಸಲ ಕೇಳಿದವಳಲ್ಲ.

*

ಕುಸಿದ ಮಣ್ಣನ್ನು ಬಾಚಿ ತೆಗೆದಾಗ ಭರಮುವಿನ ಬೆರಳಿಗೆ ತಗಡು ತಾಗಿತು. ಬಡಿದು ಚಪ್ಪಟೆ ಮಾಡಿದ ಡಾಲ್ಡಾ ಡಬ್ಬಿ. ಅದರ ಕೆಳಗೆ ಟ್ರ್ಯಾಕ್ಟರಿನ ಟೈರಿನ ತುಂಡು. ಇನ್ನೂ ಕೆಳಗೆ ಒಡೆದ ಬೀಸುಕಲ್ಲಿನ ಅರ್ಧ. ಅದನ್ನು ಒಬ್ಬಳೇ ಹೇಗೆ ಎತ್ತಿದಳೋ. ನೀರು ತಾಗದ ಕಡೆಯಲ್ಲೆಲ್ಲ ಕೆಸರು ಮೆತ್ತಿ ಒತ್ತಿದ ಬೆರಳಿನ ಗುರುತು ಒಣಗಿ ನಿಂತಿತ್ತು.

"ಇದನ್ನೆಲ್ಲಾ ಯಾರ ಮಾಡ್ಯಾರ?" ಎಂದ.

"ಮತ್ಯಾರ ಮಾಡ್ತಾರ? ನೀ ಊರಾಗ ಇರ್ತಿದ್ದಿ?" ಭೀಮಾಬಾಯಿಯ ದನಿ ಇಳಿಯಿತು. "ಹೇಳಬ್ಯಾಡ ಅಂದಿದ್ಲು. ದಣದ ಬಂದಿರ್ತಾರ, ಮಲಗ್ಲಿ ಅಂತಿದ್ಲು."

ಭರಮುವಿಗೆ ಮೊದಲು ನಾಚಿಕೆಯಾಯಿತು. ಆಮೇಲೆ, ಬೆಳಗಿನಿಂದ ಬಾರದ ಅಳು ಬಂತು. ಅಳುತ್ತಲೇ ಬೀಸುಕಲ್ಲನ್ನು ಕಂಡಿಗೆ ಒತ್ತಿ ಕೂರಿಸಿದ, ಸಂದಿಗೆ ಕಲ್ಲು ಬಡಿದ, ಮಣ್ಣು ಕಲಸಿ ತಳ ಸಮ ಮಾಡಿದ.

ಕತ್ತಲಾಗುತ್ತಿತ್ತು. ಕೋಳಿಗಳು ಹಸಿ ಮಣ್ಣಿಗೆ ಕಾಲಿಟ್ಟು, ಕೊಡವಿಕೊಂಡು ಹಿಂದಕ್ಕೆ ಬಂದವು. ಭರಮು ಸುತ್ತ ನೋಡಿದ. ಕೆಂಪವ್ವ ಕಡೆಯತನಕ ಹೊದ್ದ ಕಂಬಳಿಯನ್ನು ಊರಾಚೆ ಒಗೆದು ಬರಲೆಂದು ಭೀಮಾಬಾಯಿ ಕಟ್ಟೆಯ ಕೆಳಗೆ ಸುತ್ತಿಟ್ಟಿದ್ದಳು. ಅವನು ಅದನ್ನು ಬಿಚ್ಚಿ, ಮಡಚಿ, ಹಸಿ ಮಣ್ಣಿನ ಮೇಲೆ ಹಾಸಿದ. ಬೇಡವೆನ್ನಲು ಬಂದ ಭೀಮಾಬಾಯಿ ಕಂದೀಲು ಎತ್ತಿ ಹಿಡಿದಳು.

ಕೋಳಿಗಳು ಒಂದೊಂದಾಗಿ ಒಳಹೋಗಿ, ಗರಿ ಉಬ್ಬಿಸಿ ಕುಳಿತವು. ಕಂಬಳಿಯ ಒಂದು ಅಂಚು ಮುದುರಿಕೊಂಡಿತ್ತು. ಭರಮು ಕೈ ಚಾಚಿ, ಮಲಗಿದವರಿಗೆ ಎಚ್ಚರವಾಗದ ಹಾಗೆ, ಅದನ್ನು ಮೆಲ್ಲಗೆ ಸರಿಮಾಡಿದ.